ತಪಾಸಣೆಯ ಶಿಬಿರ ಮಲ್ಲಿಗೆ ಕಟ್ಟುವ ಹೊತ್ತಿಗೆ ಬೇಡ

ಸಂಪಾದಕರಿಗೆ ನಮಸ್ಕಾರ.

ಕೆಲವು ದಿನಗಳ ಹಿಂದೆ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಪ್ರಕಟಣೆ ಇತ್ತು. ಮಹಿಳೆಯರಿಗೆ ಉಚಿತ ಗರ್ಭಕಂಠ ಕ್ಯಾನ್ಸರ್ ತಪಾಸಣಾ ಶಿಬಿರ, ಬೆಳಿಗ್ಗೆ 9.30ರಿಂದ ಮಧ್ಯಾಹ್ನ 12.30ರವರೆಗೆ, ಎಲ್ಲರೂ ಪ್ರಯೋಜನ ಪಡೆಯಬೇಕಾಗಿ ವಿನಂತಿ. ಅದನ್ನು ಕತ್ತರಿಸಿ ನನ್ನ ಹೊಲಿಗೆ ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿದೆ. ಎರಡು ದಿನದಲ್ಲಿ ಹತ್ತು ಹದಿನೈದು ಹೆಂಗಸರಾದರೂ ಓದಿರಬಹುದು. ಒಬ್ಬಳು, "ಗರ್ಭಕಂಠ ಅಂದ್ರೆ ಎಂತದಕ್ಕ, ಗಂಟಲಿಂದಾ?" ಎಂದು ಕೇಳಿದಳು. ಗರ್ಭಕಂಠ ಎಂದರೆ ಗರ್ಭಕೋಶದ ಬಾಯಿ. ಉಳಿದವರು ಸಮಯ ನೋಡಿ ಸುಮ್ಮನಾದರು. ನನಗೆ ಗೊತ್ತಿದ್ದವರಲ್ಲಿ ಶಿಬಿರಕ್ಕೆ ಹೋದವರು ಒಬ್ಬರೂ ಇಲ್ಲ. ಶಿಬಿರ ಮಾಡಿದವರ ಮನಸ್ಸು ಒಳ್ಳೆಯದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ನಮ್ಮ ಊರಿನ ಹೆಂಗಸರಿಗೆ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಮ್ಮದು ಉಡುಪಿ ಜಿಲ್ಲೆಯ ಶಂಕರಪುರ, ಮಲ್ಲಿಗೆಯ ಊರು. ಇಲ್ಲಿ ಬೆಳಿಗ್ಗೆ ಒಂಬತ್ತೂವರೆ ಎಂದರೆ ಹೆಂಗಸರ ಕೈಗೆ ಬಿಡುವಿಲ್ಲದ ಹೊತ್ತು. ಬೆಳಕು ಹರಿಯುವಾಗ ಮೊಗ್ಗು ಕೊಯ್ದು ತಂದು, ಬಾಳೆನಾರು ಹಿಡಿದು ಕೂತರೆ ಹೂವು ಕೊಳ್ಳುವವರ ಕಟ್ಟೆಗೆ ಅದು ಮುಟ್ಟುವ ತನಕ ಏಳುವಂತಿಲ್ಲ. ಒಂದು ಚೆಂಡಿಗೆ 800 ಮೊಗ್ಗು, 4 ಚೆಂಡು ಸೇರಿದರೆ ಒಂದು ಅಟ್ಟೆ. ಹೊತ್ತು ಮೀರಿದರೆ ಆ ದಿನದ ದುಡಿಮೆ ಹೋಯಿತು, ಮರುದಿನಕ್ಕೆ ಇಟ್ಟುಕೊಳ್ಳಲು ಅದು ಅಕ್ಕಿಯಲ್ಲ. ಮಲ್ಲಿಗೆ ಗಿಡ ಇಲ್ಲದ ಮನೆಯಲ್ಲಿ ಬೀಡಿ. ಎಲೆ ಕತ್ತರಿಸಿ, ಕಟ್ಟಿ, ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರಬೇಕು. ಮೀನು ಮಾರುವವರು ಬುಟ್ಟಿ ಖಾಲಿಯಾಗದೆ ಮನೆಗೆ ಬರುವುದಿಲ್ಲ. ಇವರೆಲ್ಲರಿಗೂ ಒಂದಿಷ್ಟು ಉಸಿರಾಡಲು ಸಿಗುವುದು ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲೆ, ಎರಡರಿಂದ ನಾಲ್ಕೂವರೆವರೆಗೆ. ರವಿಕೆಯ ಅಳತೆ ಕೊಡಲು ನನ್ನಲ್ಲಿಗೆ ಅವರು ಬರುವುದು ಅದೇ ಹೊತ್ತಿನಲ್ಲಿ. 31 ವರ್ಷದಿಂದ ನೋಡುತ್ತಿದ್ದೇನೆ.

ನನಗೆ ಈಗ 58. ಅಂಗಡಿ ಎಂದರೆ ಹತ್ತು ಅಡಿಯ ಒಂದು ಕೋಣೆ, ಎರಡು ಮಿಷನ್, ಹಿಂದೆ ಅಳತೆ ತೆಗೆಯಲು ಒಂದು ಪರದೆ. ಆ ಪರದೆಯ ಹಿಂದೆ ಟೇಪು ಸುತ್ತುವಾಗ ಹೆಂಗಸರು ಮನೆಯಲ್ಲಿ ಹೇಳದ್ದನ್ನೂ ಹೇಳುತ್ತಾರೆ. ಬಿಳಿ ಹೋಗುವುದು, ಕಿಬ್ಬೊಟ್ಟೆ ನೋವು, ತಿಂಗಳಿಗೆ ಎರಡು ಸಲ ಆಗುವುದು, ಸೀನಿದರೆ ಮೂತ್ರ ಬರುವುದು, ಎಲ್ಲವೂ ನನಗೆ ಗೊತ್ತಿತ್ತು. ನಾನು "ಹೌದಾ ಮಾರಾಯ್ತಿ" ಎನ್ನುತ್ತಿದ್ದೆ, ಟೇಪು ಬಿಚ್ಚುತ್ತಿದ್ದೆ, ಪುಸ್ತಕದಲ್ಲಿ ಇಂಚು ಬರೆಯುತ್ತಿದ್ದೆ. ಕೇಳಿಸಿಕೊಂಡದ್ದೇ ಉಪಕಾರ ಎಂದು ತಿಳಿದಿದ್ದೆ.

ಒಬ್ಬರ ವಿಷಯ ಬರೆಯಬೇಕು. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ನನ್ನ ಮದುವೆಯ ರವಿಕೆಗೆ ಕಾಜಾ ಹಾಕಿದವರು ಅವರು. ನಾನು ಅಂಗಡಿ ಇಟ್ಟ ಮೇಲೆ ಅವರ ಎಲ್ಲ ಬಟ್ಟೆ ಹೊಲಿದದ್ದು ನಾನು. ಅಕ್ಕನಿಗೆ ಮುಟ್ಟು ನಿಂತು ಮೂರು ವರ್ಷ ಕಳೆದಿತ್ತು.

2022ರ ಕೆಡ್ಡಸ. ಭೂಮಿತಾಯಿ ಮುಟ್ಟಾಗುತ್ತಾಳೆಂದು ಮೂರು ದಿನ ಮಣ್ಣಿಗೆ ಗುದ್ದಲಿ ಹಾಕದ ಊರು ನಮ್ಮದು. ಕೊನೆಯ ದಿನ ಭೂಮಿಗೆ ಎಣ್ಣೆ ಬಿಡುವಾಗ ನಾನು ಅಕ್ಕನ ಅಂಗಳದಲ್ಲಿದ್ದೆ. ಅಕ್ಕ ನಗುತ್ತಾ, "ಇವಳಿಗೆ ಇಷ್ಟು ಪ್ರಾಯ ಆದ್ರೂ ಆಗ್ತದಲ್ಲ ಮಾರಾಯ್ತಿ, ನನಗೂ ಪುನಃ ಹಾಗೇ" ಎಂದರು. ತುಳುವಿನಲ್ಲಿ ಹೇಳಿದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನೂ ನಕ್ಕೆ. ದೇಹ ಇನ್ನೂ ಗಟ್ಟಿಯಾಗಿದೆ ಅಂತ ಲೆಕ್ಕ, ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು.

ಏಪ್ರಿಲಿನಲ್ಲಿ ಬಂದು ಆರು ಒಳಲಂಗಕ್ಕೆ ಹೇಳಿದರು. ಎಲ್ಲವೂ ಕಪ್ಪು, ಬಟ್ಟೆ ಸಿಗದಿದ್ದರೆ ಮರೂನ್. ಸೀರೆಯ ಬಣ್ಣಕ್ಕೆ ಸರಿಯಾಗಿ ಲಂಗ ಇಲ್ಲದಿದ್ದರೆ ಉಡದವರು ಅವರು. "ಅಕ್ಕ, ತಿಳಿ ಸೀರೆಗೆ ಕಪ್ಪು ಎದ್ದು ಕಾಣ್ತದೆ" ಎಂದೆ. "ಕಾಣಲಿ, ನೀನು ಹೊಲಿ" ಎಂದರು. ಸೊಂಟದ ಅಳತೆ ತೆಗೆದಾಗ ಟೇಪು ಸಡಿಲವಾಯಿತು. "ಸಪೂರ ಆಗಿದ್ದೀರಿ, ಒಳ್ಳೆಯದಾಯ್ತು" ಎಂದೆ.

ಅಕ್ಕ ತೀರಿಕೊಂಡ ಮೇಲೆ ಹಳೆಯ ಅಳತೆ ಪುಸ್ತಕ ತೆಗೆದು ನೋಡಿದೆ. 2021ರ ನವೆಂಬರಿನಲ್ಲಿ ಸೊಂಟ 34. ಏಪ್ರಿಲಿನಲ್ಲಿ 32.5. ಸೆಪ್ಟೆಂಬರಿನಲ್ಲಿ 30.5. ಮೂರೂ ನನ್ನದೇ ಅಕ್ಷರ.

ನಡುವೆ ಅಕ್ಕ ಪೇಟೆಯ ಒಬ್ಬರು ಡಾಕ್ಟರರಿಗೆ ತೋರಿಸಿದ್ದರಂತೆ. ರಕ್ತದ ವಿಷಯ ಹೇಳಲು ನಾಚಿಕೆ. ಬಿಳಿ ಹೋಗುತ್ತದೆ, ವಾಸನೆ ಇದೆ ಎಂದಷ್ಟೇ ಹೇಳಿದರು. ಮೂರು ಸಲ ಮಾತ್ರೆ ಸಿಕ್ಕಿತು. ಒಂದು ಸಲವೂ ಮಂಚದ ಮೇಲೆ ಮಲಗಿಸಿ ನೋಡಲಿಲ್ಲ. ಅಕ್ಕನೂ ನೋಡಿ ಎಂದು ಕೇಳಲಿಲ್ಲ, ಬದಲಿಗೆ ಬಚಾವಾದೆ ಎಂದುಕೊಂಡರು. ಅಕ್ಟೋಬರಿನಲ್ಲಿ ಎಡಗಾಲು ಬಾತು, ಸೊಂಟನೋವಿನಿಂದ ರಾತ್ರಿ ಮಲಗಲಾಗದೆ ದೊಡ್ಡ ಆಸ್ಪತ್ರೆಗೆ ಹೋದಾಗ ಗರ್ಭಕೋಶದ ಬಾಯಿಯ ಕ್ಯಾನ್ಸರ್, ಮೂರನೇ ಹಂತ ಎಂದರು. ಗಡ್ಡೆ ಬೆಳೆದು ಒಂದು ಕಿಡ್ನಿಯಿಂದ ಮೂತ್ರ ಇಳಿಯುವ ನಳಿಗೆಯನ್ನೇ ಒತ್ತಿ ಹಿಡಿದಿತ್ತು. ಆಪರೇಷನ್ ಮಾಡುವ ಕಾಲ ದಾಟಿತ್ತು. ಐದು ವಾರ, ಭಾನುವಾರ ಶನಿವಾರ ಬಿಟ್ಟು ದಿನಾ ರೇಡಿಯೇಶನ್, ವಾರಕ್ಕೊಮ್ಮೆ ಕೀಮೋ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಶನ್. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದಕ್ಕೆ ಸರ್ಕಾರಿ ಆಸ್ಪತ್ರೆಯ ಚೀಟಿ ತರಬೇಕು ಎಂದು ತಿಳಿಯುವ ಮೊದಲೇ ಮಗಳ ಬಳೆ ಅಡವಿಗೆ ಹೋಗಿತ್ತು. 2024ರ ಜನವರಿಯಲ್ಲಿ ಅಕ್ಕ ತೀರಿಕೊಂಡರು. ಕೊನೆಯ ರವಿಕೆಯನ್ನು ಅಳತೆ ತೆಗೆಯದೆ ಅಂದಾಜಿನಲ್ಲಿ ಹೊಲಿದೆ.

ನನ್ನ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಕಲಿಸುತ್ತಾಳೆ. ಅವಳ ಮುಂದೆ ಕೂತು ಅತ್ತಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ, ನಿಂಗೆ ಯಾರೂ ಹೇಳ್ಲಿಲ್ವಾ?" ಯಾರೂ ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ, ಅದನ್ನು ಅವಳೇ ಒಪ್ಪಿಕೊಂಡಳು. ಅಂದು ರಾತ್ರಿ ಅವಳು ಹೇಳಿಕೊಟ್ಟದ್ದನ್ನು, ನನಗೆ ಅರ್ಥವಾದ ಮಾತಿನಲ್ಲೇ ಬರೆಯುತ್ತೇನೆ.

ಹನ್ನೆರಡು ತಿಂಗಳು ಪೂರ್ತಿ ಮುಟ್ಟು ಆಗದಿದ್ದರೆ ಅದು ನಿಂತಿತು ಎಂದು ಲೆಕ್ಕ. ಅದಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮುಟ್ಟು ತಿರುಗಿ ಬಂದದ್ದಲ್ಲ. ಆ ವಾರವೇ ಹೋಗಿ ತೋರಿಸಬೇಕು. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಆಗಿರುವುದಿಲ್ಲ, ಒಳಪದರ ತೆಳುವಾಗಿ ಒಡೆದು ಬಂದ ರಕ್ತವೋ ಸಣ್ಣದೊಂದು ಗಂಟೋ ಆಗಿರುತ್ತದೆ. ಹಾಗೆಂದು ಹೇಳಬೇಕಾದವರು ಪರೀಕ್ಷೆ ಮಾಡಿದ ಡಾಕ್ಟರು, ಪರದೆಯ ಹಿಂದಿನ ಟೈಲರ್ ಅಲ್ಲ. ಮುಟ್ಟು ನಿಲ್ಲದವರಿಗೂ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ಕಂಡರೆ, ಬಿಳಿ ಹೋಗುವುದರಲ್ಲಿ ಕೆಟ್ಟ ವಾಸನೆಯೋ ರಕ್ತದ ಎಳೆಯೋ ಇದ್ದರೆ ಮಾತ್ರೆ ತಂದು ನುಂಗಿ ಸುಮ್ಮನಿರಬಾರದು. "ಒಳಗೆ ನೋಡಿ ಡಾಕ್ಟ್ರೇ" ಎಂದು ನಾವೇ ಕೇಳಬೇಕು.

ಇದು ರೋಗ ಶುರುವಾದವರ ಮಾತು. ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಏನೂ ಆಗದವರಿಗಾಗಿ. ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದು ಒಳಗೆ ಸೇರಿ, ಹೋಗದೆ ಉಳಿದು, ಕ್ಯಾನ್ಸರಾಗಿ ತಿರುಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕಂತೆ. ಅಷ್ಟೂ ವರ್ಷ ನೋವಿಲ್ಲ, ರಕ್ತವಿಲ್ಲ, ಏನೂ ಇಲ್ಲ. ಆದರೆ ನೋಡಿದರೆ ಕಾಣುತ್ತದೆ. ಅಕ್ಕನ ಮೂವತ್ತೈದನೇ ವಯಸ್ಸಿನಲ್ಲೋ ನಲವತ್ತೈದರಲ್ಲೋ ಯಾರಾದರೂ ಒಮ್ಮೆ ನೋಡಿದ್ದರೆ ಕಾಣುತ್ತಿತ್ತೇನೋ ಎಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅಕ್ಕ ತೀರಿಕೊಂಡ ವರ್ಷದ ಆಟಿ ತಿಂಗಳಲ್ಲಿ, ಮಳೆಗೆ ಹೂವು ಕಡಿಮೆಯಾದಾಗ, ನಾವು ಮೂವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ನಾನು, 44 ವರ್ಷದ ಒಬ್ಬ ಬೀಡಿ ಕಟ್ಟುವವಳು, 37 ವರ್ಷದ ಒಬ್ಬ ಮಲ್ಲಿಗೆಯವಳು. ಬೀಡಿಯವಳು ದಾರಿಯುದ್ದಕ್ಕೂ, "ನಂಗೆ ಆಪರೇಷನ್ ಆಗಿದೆ, ನಂಗೆ ಯಾಕೆ" ಎನ್ನುತ್ತಿದ್ದಳು. ಆಗಿದ್ದು ಮಕ್ಕಳಾಗದ ಹಾಗೆ ಮಾಡುವ ಆಪರೇಷನ್. ಅದರಲ್ಲಿ ಗರ್ಭಕೋಶ ಅದರ ಜಾಗದಲ್ಲೇ ಇರುತ್ತದೆ, ಪರೀಕ್ಷೆ ಬೇಕೇ ಬೇಕು. ಈ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಎಷ್ಟಿದೆ ಎಂದರೆ, ಆಮೇಲೆ ನಾನು ಕೇಳಿದವರಲ್ಲಿ ಅರ್ಧಕ್ಕರ್ಧ ಜನ ಇದನ್ನೇ ಹೇಳಿದ್ದಾರೆ.

ಹೆದರುವವರಿಗೆ ಗೊತ್ತಾಗಲೆಂದು ಅಲ್ಲಿ ಆದದ್ದನ್ನು ಪೂರ್ತಿ ಬರೆಯುತ್ತೇನೆ. ಮುಟ್ಟಿನ ದಿನಗಳಲ್ಲಿ ಇದನ್ನು ಮಾಡುವುದಿಲ್ಲ, ಅದು ಮುಗಿದ ಮೇಲೆ ಹೋಗಬೇಕು. ಸಿಸ್ಟರ್ ಒಬ್ಬರೇ ಇದ್ದರು, ಗಂಡಸರು ಯಾರೂ ಇರಲಿಲ್ಲ. ಬಾಗಿಲಿಗೆ ಚಿಲಕ, ಮಂಚಕ್ಕೆ ಪರದೆ. ಸೀರೆ ಬಿಚ್ಚಬೇಕಾಗಿಲ್ಲ, ಮೇಲೆತ್ತಿದರೆ ಸಾಕು, ಮೇಲಿಂದ ಒಂದು ಬಟ್ಟೆ ಹೊದಿಸುತ್ತಾರೆ. ಕಾಲು ಮಡಚಿ ಮಲಗಬೇಕು. ಒಂದು ಸಾಧನವನ್ನು ಮೆಲ್ಲಗೆ ಒಳಗೆ ಇಟ್ಟು ಅಗಲಿಸಿ, ಗರ್ಭಕೋಶದ ಬಾಯಿಗೆ ಬೆಳಕು ಬಿಡುತ್ತಾರೆ. ಉಸಿರು ಬಿಗಿ ಹಿಡಿದರೆ ಒತ್ತಿದಂತಾಗುತ್ತದೆ, ಬಿಟ್ಟರೆ ಅಷ್ಟೇನೂ ಇಲ್ಲ. ಆಮೇಲೆ ಹತ್ತಿಯಲ್ಲಿ ನೀರು ಬೆರೆಸಿದ ಅಸಿಟಿಕ್ ಆಮ್ಲ ಹಚ್ಚುತ್ತಾರೆ. ಅದು ವಿನೆಗರಿನಲ್ಲಿರುವುದೇ. ಕ್ರಿಸ್ಮಸ್ಸಿಗೆ ವಿನೆಗರ್ ಹಾಕಿ ಹಂದಿಮಾಂಸದ ಇಂಡಾದ್ ಮಾಡುವ ನಮ್ಮೂರ ಬಾಯಮ್ಮಂದಿರ ಅಡುಗೆಮನೆಯ ವಾಸನೆ. ಒಂದು ನಿಮಿಷ ಕಾಯುತ್ತಾರೆ. ಮಾಮೂಲಿ ಜಾಗ ಹಾಗೇ ಗುಲಾಬಿ ಬಣ್ಣದಲ್ಲಿ ಉಳಿಯುತ್ತದೆ, ಸಂಶಯದ ಜಾಗ ಇದ್ದರೆ ಬೆಳ್ಳಗಾಗುತ್ತದೆ. ರವಿಕೆಗೆ ಅಳತೆ ಕೊಡುವುದಕ್ಕಿಂತ ಕಡಿಮೆ ಹೊತ್ತು. ದುಡ್ಡು ಕೊಡಬೇಕಾಗಿಲ್ಲ. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೇ ಇದೆ.

ನನ್ನ ಸರದಿ ಬಂದಾಗ ಸಿಸ್ಟರ್, "ಅಮ್ಮ, ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿದುಹೋಗ್ತದೆ, ನಿಮ್ಮ ಪ್ರಾಯಕ್ಕೆ ಇದರಲ್ಲಿ ಸರಿ ಕಾಣುವುದಿಲ್ಲ" ಎಂದು ಹೇಳಿ ಪ್ಯಾಪ್ ಪರೀಕ್ಷೆಗೆ ಉಡುಪಿಗೆ ಕಳಿಸಿದರು. ಅಲ್ಲಿ ಸಣ್ಣ ಬ್ರಷ್ಷಿನಲ್ಲಿ ಒಳಗಿಂದ ಸವರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ನನ್ನದು ಸರಿ ಬಂತು. ಬೀಡಿಯವಳಿಗೂ ಏನಿಲ್ಲ, ಐದು ವರ್ಷ ಬಿಟ್ಟು ಬನ್ನಿ ಎಂದರು.

ಮಲ್ಲಿಗೆಯವಳಿಗೆ ಬೆಳ್ಳಗಾಯಿತು.

ಅವಳಿಗೆ ರಕ್ತ ಇರಲಿಲ್ಲ, ಬಿಳಿ ಇರಲಿಲ್ಲ, ನೋವು ಇರಲಿಲ್ಲ. ನಮ್ಮ ಜೊತೆಗೆ ಸುಮ್ಮನೆ ಬಂದವಳು. ಉಡುಪಿಯಲ್ಲಿ ದೊಡ್ಡದಾಗಿ ಕಾಣುವ ದುರ್ಬೀನಿನಲ್ಲಿ ನೋಡಿ, ಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ಫಲಿತಾಂಶ ಬರುವ ತನಕ ಅವಳು ದಿನಾ ಅಂಗಡಿಗೆ ಬಂದು ಏನೂ ಮಾತಾಡದೆ ಕೂರುತ್ತಿದ್ದಳು. ನಾನು ಅವಳ ಕೈಗೆ ಹೆಮ್ಮಿಂಗಿಗೆ ಏನಾದರೂ ಕೊಡುತ್ತಿದ್ದೆ. ಬಂದದ್ದು ಕ್ಯಾನ್ಸರಿಗೆ ಮುಂಚಿನ ಹಂತ. ಜಾಗ ಮರಗಟ್ಟಿಸಿ, ಬಿಸಿ ತಂತಿಯ ಬಳೆಯಂಥದ್ದರಲ್ಲಿ ಆ ಚೂರನ್ನು ತೆಗೆದರು. ಸಂಜೆಗೆ ಮನೆಗೆ ಬಂದಳು. ಗರ್ಭಕೋಶ ಉಳಿಯಿತು. ಭಾರ ಎತ್ತಬೇಡ ಎಂದು ಕೆಲವು ವಾರ ಹೇಳಿದ್ದರು, ಆದರೆ ಕೂತು ಹೂ ಕಟ್ಟುವುದಕ್ಕೆ ಅಡ್ಡಿಯಿರಲಿಲ್ಲ. ಈಗಲೂ ಹೇಳಿದ ತಿಂಗಳಿಗೆ ಹೋಗಿ ತೋರಿಸಿ ಬರುತ್ತಾಳೆ.

ಅಕ್ಕ ಮತ್ತು ಈ ಹುಡುಗಿ, ಇಬ್ಬರ ಮನೆಗೂ ನಡುವೆ ನಾಲ್ಕು ತೋಟ.

ಮಗಳು ಹೇಳಿದ ಲೆಕ್ಕ ಹೀಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಹೆಂಗಸರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ಶೇ. 1.9. ನೂರು ಜನರಲ್ಲಿ ಇಬ್ಬರೂ ಭರ್ತಿ ಇಲ್ಲ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಜನ ಸಾಯುತ್ತಾರೆ. ಅಕ್ಷರ ಕಲಿತವರು, ಆಸ್ಪತ್ರೆಗಳು ಹೆಜ್ಜೆಗೊಂದರಂತೆ ಇರುವವರು ಎಂದು ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಯವರಿಗೆ ಹೆಸರಿದೆ. ಮಂಗಳೂರಿನ ಲೇಡಿಗೋಷನ್ ಹೆಂಗಸರಿಗಾಗಿಯೇ ಇರುವ ಆಸ್ಪತ್ರೆ, ಉಡುಪಿಯಲ್ಲಿ ಅಜ್ಜರಕಾಡಿನ ಸರ್ಕಾರಿ ಆಸ್ಪತ್ರೆ ಇದೆ, ಮಣಿಪಾಲದ ಆಸ್ಪತ್ರೆ ಇದೆ. ಇಷ್ಟಿದ್ದೂ ನನ್ನ ಪರದೆಯ ಹಿಂದೆ ನಿಂತ ಹೆಂಗಸರಲ್ಲಿ ಪರೀಕ್ಷೆ ಮಾಡಿಸಿಕೊಂಡವರನ್ನು ಹುಡುಕಬೇಕಾಗಿದೆ.

ಇನ್ನೊಂದು ಮಾತು ಮೆಲ್ಲಗೆ ಹೇಳುವವರು ಇದ್ದಾರೆ, ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಈ ವೈರಸ್ ದೇಹಸಂಬಂಧದಿಂದ ಬರುತ್ತದೆ ಎಂದು ತಿಳಿದ ಕೂಡಲೇ ಕೆಲವರು ಅಕ್ಕನ ಬಗ್ಗೆ, ಭಾವನ ಬಗ್ಗೆ ಏನೇನೋ ಆಡಿದರು. ಸಂಸಾರ ಮಾಡಿದ ಹೆಚ್ಚುಕಡಿಮೆ ಎಲ್ಲರಿಗೂ ಒಂದಲ್ಲ ಒಂದು ಕಾಲಕ್ಕೆ ಈ ವೈರಸ್ ತಗಲಿರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಗಂಡಸರಲ್ಲಿ ಯಾವ ಗುರುತೂ ಇಲ್ಲದೆ ಇರಬಹುದು. ಇದರಲ್ಲಿ ನಡತೆಯ ಮಾತೇ ಇಲ್ಲ. ಪರೀಕ್ಷೆಗೆ ಹೋದವಳನ್ನು ನೋಡಿ ಮಾತಾಡುವ ಬಾಯಿಗೆ ಹೆದರಿಯೇ ಎಷ್ಟೋ ಜನ ಹೋಗುತ್ತಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಹೆಣ್ಣುಮಕ್ಕಳಿಗೆ ಲಸಿಕೆ ಇದೆ, 9ರಿಂದ 14 ವರ್ಷದೊಳಗೆ ಹಾಕಿಸುವುದು ಒಳ್ಳೆಯದು. ನಮ್ಮ ದೇಶದಲ್ಲೇ ತಯಾರಾದದ್ದು 2023ರಲ್ಲಿ ಬಂದಿದೆ. ನನ್ನ ಮೊಮ್ಮಗಳಿಗೆ ಹಾಕಿಸಿದ್ದೇವೆ. ಲಸಿಕೆ ಹಾಕಿಸಿದವರಿಗೂ ಮೂವತ್ತು ದಾಟಿದ ಮೇಲೆ ಪರೀಕ್ಷೆ ತಪ್ಪಿಸುವಂತಿಲ್ಲ. ಅದರ ಬಗ್ಗೆ ಶಾಲೆಗಳಲ್ಲಿ ಟೀಚರುಗಳು ನನಗಿಂತ ಚೆನ್ನಾಗಿ ಹೇಳಬಲ್ಲರು.

ಶಿಬಿರ ಮಾಡುವ ಸಂಘದವರಲ್ಲಿ, ಪಂಚಾಯತಿನವರಲ್ಲಿ, ಆರೋಗ್ಯ ಇಲಾಖೆಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಹೊತ್ತು ಮಧ್ಯಾಹ್ನ ಎರಡಕ್ಕೆ ಇಡಿ. ಸಭಾಕಾರ್ಯಕ್ರಮ ಬೇಡ. ಪರೀಕ್ಷೆಗೆ ಬರುವವಳಿಗೆ ಮೈಕಿನ ಮುಂದೆ ಕೂರುವುದು ಬೇಡ, ಫೋಟೋ ಬೇಡ, ಹೆಸರು ಕರೆಯುವುದೂ ಬೇಡ. ಬ್ಯಾನರಿನಲ್ಲಿ ಗರ್ಭಕಂಠ ಎಂದು ಬರೆದ ಕೆಳಗೆ "ಗರ್ಭಕೋಶದ ಬಾಯಿ" ಎಂದೂ ಬರೆಯಿರಿ. ಆಶಾ ಕಾರ್ಯಕರ್ತೆಯರು ಬಸುರಿ ಬಾಣಂತಿಯರ ಮನೆಗೆ ಹೋಗುತ್ತಾರೆ, ಮಕ್ಕಳ ಲಸಿಕೆಗೆ ಹೋಗುತ್ತಾರೆ. ಹೆರುವ ಕಾಲ ಮುಗಿದವಳ ಬಾಗಿಲಿಗೆ ಬರಲು ಅವರ ಕೈಯಲ್ಲಿ ಹೊತ್ತೇ ಉಳಿಯುವುದಿಲ್ಲ. ಅವರನ್ನು ದೂರುತ್ತಿಲ್ಲ, ಅವರ ಮೇಲೆ ಹೊರಿಸಿದ ಕೆಲಸ ನೋಡಿದರೆ ನನಗೇ ಸುಸ್ತಾಗುತ್ತದೆ. ಸ್ವಸಹಾಯ ಗುಂಪಿನ ವಾರದ ಸಭೆಯಲ್ಲಿ ಹತ್ತು ನಿಮಿಷ ಈ ಮಾತಿಗೆ ಕೊಟ್ಟರೆ, ಹೋಗುವಾಗ ಜೊತೆಗೆ ಹೋಗಲು ಅಲ್ಲಿಯೇ ಜನ ಸಿಗುತ್ತಾರೆ. ಒಬ್ಬಳೇ ಯಾರೂ ಹೋಗುವುದಿಲ್ಲ, ನಾನೂ ಹೋಗಿರಲಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ಇಂದಿನ ಕಾರ್ಯಕ್ರಮಗಳು ಎಂದು ನೀವು ಯಕ್ಷಗಾನ, ಕೋಲ, ಸಭೆಗಳ ಪಟ್ಟಿ ಹಾಕುತ್ತೀರಿ. ಅದರಲ್ಲಿ ವಾರಕ್ಕೊಮ್ಮೆ, ಯಾವ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಎಷ್ಟು ಗಂಟೆಗೆ ಈ ಪರೀಕ್ಷೆ ಇದೆ ಎಂದು ನಾಲ್ಕು ಸಾಲು ಹಾಕಿ. ಸಿಸ್ಟರ್ ರಜೆಯಲ್ಲಿದ್ದರೆ ಅದನ್ನೂ ಹಾಕಿ, ಬಸ್ಸಿಗೆ ದುಡ್ಡು ಕೊಟ್ಟು ಹೋಗಿ ವಾಪಸ್ ಬಂದವಳು ಎರಡನೇ ಸಲ ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಹೂ ಕಟ್ಟುವಾಗ ಪತ್ರಿಕೆಯನ್ನು ಯಾರಾದರೊಬ್ಬರು ಗಟ್ಟಿಯಾಗಿ ಓದುತ್ತಾರೆ, ಮರಣವಾರ್ತೆಯಿಂದ ಶುರುಮಾಡಿ. ಈ ನಾಲ್ಕು ಸಾಲೂ ಅವರ ಕಿವಿಗೆ ಬೀಳುತ್ತದೆ.

ನನ್ನ ಹೆಸರು ಹಾಕಬೇಡಿ. ಹಾಕಿದರೆ ಅಕ್ಕನ ಮನೆ ಯಾವುದೆಂದು ಊರಿಗೆ ತಿಳಿಯುತ್ತದೆ, ಅವರ ಮಗಳಿಗೆ ಅದು ಇಷ್ಟವಿಲ್ಲ. ಅವಳಿಗೆ ಬರುವ ವರ್ಷ 30 ತುಂಬುತ್ತದೆ. ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದ್ದೇನೆ. "ನೋಡುವ, ಚಿಕ್ಕಮ್ಮ" ಎಂದಿದ್ದಾಳೆ. ಅಳತೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಿಂಗಳು ಬರೆದಿಟ್ಟಿದ್ದೇನೆ.

ಇತಿ,
ಓರ್ವ ಟೈಲರ್, ಶಂಕರಪುರ, ಉಡುಪಿ ಜಿಲ್ಲೆ